ಸೊಂಟದ ನೋವು ಕಾಲಿಗಿಳಿದರೆ: ಡಿಸ್ಕ್ ತೊಂದರೆಯ ಲಕ್ಷಣಗಳನ್ನು ಗುರುತಿಸುವುದು ಹೇಗೆ?



ಗಡಿಯಾಚೆಯ ಕನ್ನಡ ಮನೆಗಳಲ್ಲಿ ಮಕ್ಕಳಿಗೆ ಒಂದು ಹೆಚ್ಚಿನ ಕೆಲಸ ಇದ್ದೇ ಇರುತ್ತದೆ. ಅಜ್ಜನನ್ನೋ ಅಮ್ಮನನ್ನೋ ಆಸ್ಪತ್ರೆಗೆ ಕರೆದುಕೊಂಡು ಹೋದರೆ ಡಾಕ್ಟರರ ಜೊತೆ ಮಾತಾಡುವವರು ನೀವೇ. ಕಾಸರಗೋಡಿನಲ್ಲಿ ಮಲಯಾಳ, ತಾಳವಾಡಿಯಲ್ಲಿ ತಮಿಳು, ಅಕ್ಕಲಕೋಟೆಯಲ್ಲಿ ಮರಾಠಿ, ಆದೋನಿಯಲ್ಲಿ ತೆಲುಗು. ಮನೆಯವರು ಕನ್ನಡದಲ್ಲಿ ಹೇಳಿದ್ದನ್ನು ನೀವು ಆ ಭಾಷೆಗೆ ತಿರುಗಿಸಿ ಹೇಳುತ್ತೀರಿ. ಅಜ್ಜ ಹತ್ತು ಮಾತು ಹೇಳಿರುತ್ತಾರೆ. ನೀವು "ಸೊಂಟ ನೋವಂತೆ" ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರೆ, ಆ ಹತ್ತು ಮಾತಿನೊಳಗಿದ್ದ ಮುಖ್ಯ ಸುಳಿವು ಅಲ್ಲೇ ಕಳೆದುಹೋಗುತ್ತದೆ.

ಸೊಂಟನೋವು ಎಲ್ಲರ ಮನೆಯಲ್ಲೂ ಇದೆ. ಅದರಲ್ಲಿ ಹೆಚ್ಚಿನದು ತಾನಾಗಿಯೇ ಹೋಗುವಂಥದ್ದು. ಆದರೆ ಕೆಲವೊಮ್ಮೆ ನೋವಿನ ಮೂಲ ಬೆನ್ನುಮೂಳೆಯ ನಡುವಿನ ಡಿಸ್ಕ್‌ನಲ್ಲಿ ಇರುತ್ತದೆ. ಜನ ಅದನ್ನು "ಡಿಸ್ಕ್ ಜಾರಿದೆ", "ಸ್ಲಿಪ್ ಡಿಸ್ಕ್ ಆಗಿದೆ" ಅನ್ನುತ್ತಾರೆ. ಇದನ್ನು ಗುರುತಿಸುವ ಸುಳಿವುಗಳು ವಿಚಿತ್ರವಾಗಿವೆ. ತೊಂದರೆ ಇರುವುದು ಸೊಂಟದಲ್ಲಿ, ಸುಳಿವು ಸಿಗುವುದು ಕಾಲಿನ ಬೆರಳಿನಲ್ಲಿ! ಯಾಕೆ ಹೀಗೆ? ಯಾವ ಸುಳಿವಿಗೆ ಏನರ್ಥ? ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಒಂದು ಗಂಟೆಯೂ ಕಾಯಬಾರದು? ಈ ಪಾಠದಲ್ಲಿ ಇದನ್ನೇ ನೋಡೋಣ.

ಹೋಳಿಗೆಯಂಥ ಡಿಸ್ಕ್

ಹುಟ್ಟುವಾಗ ನಮ್ಮ ಬೆನ್ನುಮೂಳೆಯಲ್ಲಿ 33 ಕಶೇರುಮಣಿಗಳಿರುತ್ತವೆ. ಕುತ್ತಿಗೆಯಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5. ಅದರ ಕೆಳಗಿನ 5 ಕೂಡಿಕೊಂಡು ಒಂದು ಮೂಳೆಯಾಗುತ್ತವೆ, ತುದಿಯ 4 ಕೂಡಿ ಬಾಲಮೂಳೆಯಾಗುತ್ತದೆ. ಹೀಗಾಗಿ ದೊಡ್ಡವರಲ್ಲಿ ಲೆಕ್ಕಕ್ಕೆ ಸಿಗುವುದು 26.

ಈ ಮೂಳೆಗಳು ಒಂದಕ್ಕೊಂದು ತಿಕ್ಕದಂತೆ ನಡುನಡುವೆ ಮೆತ್ತೆಗಳಿವೆ. ಅವೇ ಡಿಸ್ಕ್‌ಗಳು, ಒಟ್ಟು 23. ಕುತ್ತಿಗೆಯ ಮೊದಲ ಎರಡು ಮೂಳೆಗಳ ನಡುವೆ ಡಿಸ್ಕ್ ಇಲ್ಲ. ಸೊಂಟದ ಭಾಗದ ಒಂದು ಡಿಸ್ಕ್ ಸುಮಾರು 1 ಸೆಂ.ಮೀ. ದಪ್ಪ ಇರುತ್ತದೆ.

ಡಿಸ್ಕ್ ಹೇಗಿದೆ ಅಂತ ತಿಳಿಯಲು ಹೋಳಿಗೆಯನ್ನು ನೆನಪಿಸಿಕೊಳ್ಳಿ. ಹೊರಗೆ ಕಣಕ, ಒಳಗೆ ಹೂರಣ. ಡಿಸ್ಕ್‌ನ ಹೊರಭಾಗ ಗಟ್ಟಿ ನಾರಿನ ಉಂಗುರ. ಅದರಲ್ಲಿ 15ರಿಂದ 25 ಪದರಗಳಿರುತ್ತವೆ. ಒಂದು ಪದರದ ನಾರು ಒಂದು ಕಡೆಗೆ ಓರೆ, ಮುಂದಿನ ಪದರದ್ದು ಅದಕ್ಕೆ ವಿರುದ್ಧ ಓರೆ. ಚಾಪೆ ಹೆಣೆದ ಹಾಗೆ. ಒಳಗಿನದು ಲೋಳೆಯಂಥ ತಿರುಳು. ಎಳೆಯ ವಯಸ್ಸಿನಲ್ಲಿ ಆ ತಿರುಳಿನ ಶೇಕಡಾ 80ಕ್ಕಿಂತ ಹೆಚ್ಚು ಭಾಗ ನೀರೇ. ವಯಸ್ಸಾದಂತೆ ನೀರು ಕಡಿಮೆಯಾಗಿ ಉಂಗುರದಲ್ಲಿ ಸಣ್ಣ ಸಣ್ಣ ಬಿರುಕು ಬೀಳುತ್ತದೆ. ದೊಡ್ಡವರ ಡಿಸ್ಕ್‌ನ ಒಳಗೆ ರಕ್ತನಾಳಗಳಿಲ್ಲ. ಪೋಷಕಾಂಶಗಳು ಅಕ್ಕಪಕ್ಕದ ಮೂಳೆಯಿಂದ ವಿಸರಣೆಯ ಮೂಲಕ ನಿಧಾನವಾಗಿ ಒಳಗೆ ಬರಬೇಕು. ಆದ್ದರಿಂದಲೇ ಹರಿದ ಉಂಗುರ ಚರ್ಮದ ಗಾಯದಷ್ಟು ಬೇಗ ಕೂಡುವುದಿಲ್ಲ.

ಮಾಡಿ ನೋಡಿ 1: ಬೆಳಿಗ್ಗೆ ಎದ್ದ ಕೂಡಲೇ ಗೋಡೆಗೆ ಒರಗಿ ನಿಂತು ನಿಮ್ಮ ಎತ್ತರವನ್ನು ಗುರುತು ಹಾಕಿಸಿ. ರಾತ್ರಿ ಮಲಗುವ ಮೊದಲು ಮತ್ತೆ ಅಳೆಯಿರಿ. ರಾತ್ರಿಯ ಗುರುತು ಬೆಳಗಿನದಕ್ಕಿಂತ ಸುಮಾರು 1 ಸೆಂ.ಮೀ. ಕೆಳಗಿರಬಹುದು. ಹಗಲಿಡೀ ನಿಮ್ಮ ಮೈಭಾರ ಡಿಸ್ಕ್‌ಗಳನ್ನು ಒತ್ತಿ ನೀರನ್ನು ಸ್ವಲ್ಪ ಹಿಂಡಿರುತ್ತದೆ. ಮಲಗಿದಾಗ ಅದು ಮತ್ತೆ ನೀರು ಹೀರಿಕೊಳ್ಳುತ್ತದೆ.

ಮಾಡಿ ನೋಡಿ 2: ಒಂದು ಸಣ್ಣ ಬಲೂನಿಗೆ ನೀರು ತುಂಬಿ ಬಾಯಿ ಕಟ್ಟಿ. ಎರಡು ದಪ್ಪ ಪುಸ್ತಕಗಳ ನಡುವೆ ಇಡಿ. ಮೇಲಿನ ಪುಸ್ತಕದ ಮುಂದಿನ ಅಂಚನ್ನು ಮೆಲ್ಲಗೆ ಒತ್ತಿ. ಬಲೂನು ಯಾವ ಕಡೆ ಉಬ್ಬಿತು? ಹಿಂದಕ್ಕೆ. ನಾವು ಮುಂದಕ್ಕೆ ಬಾಗಿದಾಗ ಡಿಸ್ಕ್‌ನಲ್ಲಿ ಆಗುವುದೂ ಹೀಗೆಯೇ.

ಹೂರಣ ಹೆಚ್ಚಾಗಿ ಒಂದು ಕಡೆ ಒತ್ತಿ ಲಟ್ಟಿಸಿದರೆ ಕಣಕ ಹರಿದು ಹೂರಣ ಹೊರಗೆ ಬರುತ್ತದಲ್ಲ? ಹಾಗೆಯೇ ಬಿರುಕು ಬಿಟ್ಟ ಉಂಗುರದ ಮೂಲಕ ತಿರುಳು ಹೊರಗೆ ನುಗ್ಗುತ್ತದೆ. ನಿಜವಾಗಿ ಡಿಸ್ಕ್ ಎಲ್ಲಿಗೂ ಜಾರುವುದಿಲ್ಲ. ಅದು ಮೇಲಿನ ಮತ್ತು ಕೆಳಗಿನ ಮೂಳೆಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಹೊರಬರುವುದು ಒಳಗಿನ ತಿರುಳು. "ಜಾರಿದ ಡಿಸ್ಕನ್ನು ಒತ್ತಿ ಕೂರಿಸುತ್ತೇನೆ" ಅಂತ ಯಾರಾದರೂ ಹೇಳಿದರೆ ಈ ಮಾತು ನೆನಪಿರಲಿ. ಹೊರಬಂದ ಹೂರಣವನ್ನು ಮೇಲಿಂದ ಒತ್ತಿದರೆ ಅದು ಒಳಗೆ ಹೋಗುತ್ತದೆಯೇ?

ಒಂದು ಕೊಡ ನೀರು, 120 ಕೆ.ಜಿ. ಬಲ

ಭಾರ ಎತ್ತುವಾಗಲೇ ಯಾಕೆ ಹೀಗಾಗುತ್ತದೆ? ಸನ್ನೆಯ ನಿಯಮ ನೀವು ಕಲಿತಿದ್ದೀರಿ. ಅದನ್ನೇ ಇಲ್ಲಿ ಹಾಕೋಣ. ಆಧಾರಬಿಂದು ಡಿಸ್ಕ್. ಭಾರ ಮುಂದೆ ಕೈಯಲ್ಲಿದೆ. ಅದನ್ನು ಹಿಡಿದು ನಿಲ್ಲಿಸುವ ಬಲ ಬೆನ್ನಿನ ಸ್ನಾಯುಗಳದ್ದು, ಅವು ಡಿಸ್ಕ್‌ನ ಮಧ್ಯದಿಂದ ಸುಮಾರು 5 ಸೆಂ.ಮೀ. ಹಿಂದಿವೆ.

15 ಕೆ.ಜಿ. ತೂಕದ ನೀರಿನ ಕೊಡವನ್ನು ಡಿಸ್ಕ್‌ನಿಂದ 40 ಸೆಂ.ಮೀ. ಮುಂದೆ ಹಿಡಿದಿದ್ದೀರಿ ಎಂದುಕೊಳ್ಳಿ.
15 × 40 = 600
ಸ್ನಾಯುವಿನ ಬಲ = 600 ÷ 5 = 120 ಕೆ.ಜಿ. ಭಾರದಷ್ಟು.

ಅದೇ ಕೊಡವನ್ನು ಮೈಗೆ ತಾಗಿಸಿ 20 ಸೆಂ.ಮೀ. ದೂರದಲ್ಲಿ ಹಿಡಿದರೆ?
15 × 20 = 300
ಸ್ನಾಯುವಿನ ಬಲ = 300 ÷ 5 = 60 ಕೆ.ಜಿ. ಭಾರದಷ್ಟು.

ಕೊಡ ಅದೇ, ಡಿಸ್ಕ್ ಮೇಲಿನ ಒತ್ತಡ ಹೆಚ್ಚುಕಡಿಮೆ ಅರ್ಧ. ಮೊಣಕಾಲು ಮಡಚದೆ ಸೊಂಟ ಬಗ್ಗಿಸಿ ಎತ್ತಿದರೆ ನಮ್ಮ ಮೈಯ ಮೇಲ್ಭಾಗದ ಭಾರವೂ ಮುಂದೆ ಬಂದು ಈ ಲೆಕ್ಕಕ್ಕೆ ಸೇರುತ್ತದೆ. ಅದರ ಜೊತೆಗೆ ಮೈ ತಿರುಚಿದರೆ ಉಂಗುರದ ಅರ್ಧದಷ್ಟು ಪದರಗಳ ನಾರು ಮಾತ್ರ ಬಿಗಿಯಾಗಿ, ಉಳಿದವು ಸಡಿಲ ಬೀಳುತ್ತವೆ. ಅಡಿಕೆ ಗೋಣಿ, ಮುರಕಲ್ಲು, ಕಬ್ಬಿನ ಹೊರೆ, ಹತ್ತಿ ಮೂಟೆ ಎತ್ತುವವರಿಗೆ ಬಗ್ಗುವುದು, ತಿರುಗುವುದು ಎರಡೂ ಒಟ್ಟಿಗೇ ಆಗುವ ಕೆಲಸ. ಭಾರ ಎತ್ತದವರಿಗೂ ಡಿಸ್ಕ್ ತೊಂದರೆ ಬರುತ್ತದೆ. ವಯಸ್ಸು, ವಂಶವಾಹಿ, ಬೀಡಿ ಸಿಗರೇಟು, ಹೆಚ್ಚು ಮೈತೂಕ, ಇವೂ ಸೇರಿಕೊಳ್ಳುತ್ತವೆ. ಹೆಚ್ಚಾಗಿ ಕಾಣಿಸುವುದು 30ರಿಂದ 50 ವರ್ಷದವರಲ್ಲಿ, ಅಂದರೆ ಮನೆಯಲ್ಲಿ ದುಡಿಯುವವರಲ್ಲಿ. ನಿಮ್ಮ ವಯಸ್ಸಿನವರಲ್ಲಿ ಅಪರೂಪ.

ಸೊಂಟದ ತೊಂದರೆ ಕಾಲಿನಲ್ಲಿ ಯಾಕೆ?

ಬೆನ್ನುಮೂಳೆಯ ಕಾಲುವೆಯೊಳಗೆ ಮಿದುಳುಬಳ್ಳಿ ಇಳಿಯುತ್ತದೆ ಅಂತ ಓದಿದ್ದೀರಿ. ಅದರಿಂದ 31 ಜೊತೆ ನರಗಳು ಹೊರಡುತ್ತವೆ. ದೊಡ್ಡವರಲ್ಲಿ ಮಿದುಳುಬಳ್ಳಿ ಸೊಂಟದ 1 ಅಥವಾ 2ನೇ ಮೂಳೆಯ ಹತ್ತಿರವೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಇರುವುದು ನರಗಳ ಗೊಂಚಲು ಮಾತ್ರ. ನೋಡಲು ಕುದುರೆ ಬಾಲದಂತಿರುವುದರಿಂದ ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ "ಕಾಡಾ ಇಕ್ವೈನಾ", ಅಂದರೆ ಕುದುರೆ ಬಾಲ ಎಂದೇ ಹೆಸರಿಟ್ಟರು. ಈ ಹೆಸರು ಮುಂದೆ ಬೇಕಾಗುತ್ತದೆ, ನೆನಪಿಡಿ.

ಸೊಂಟದ ಕೆಳಗಿನ ಭಾಗದ ಕೆಲವು ನರಗಳು ಕೂಡಿ ಒಂದು ದೊಡ್ಡ ನರವಾಗುತ್ತದೆ. ಪೃಷ್ಠದ ಮೂಲಕ ತೊಡೆಯ ಹಿಂದಿನಿಂದ ಇಳಿದು ಪಾದದವರೆಗೆ ಕವಲೊಡೆಯುವ ಈ ಸಯಾಟಿಕ್ ನರ ನಮ್ಮ ದೇಹದ ಅತಿ ದಪ್ಪ ನರ. ಡಿಸ್ಕ್‌ನ ತಿರುಳು ಹೊರಬಂದು ಇದರ ಬೇರನ್ನು ಒತ್ತಿದರೆ, ಮಿದುಳಿಗೆ ಸುದ್ದಿ ಹೋಗುವುದು "ಕಾಲು ನೋಯುತ್ತಿದೆ" ಅಂತ. ಮನೆಯ ಕರೆಗಂಟೆಯ ತಂತಿಯನ್ನು ಯಾರೋ ನಡುವೆ ತಾಗಿಸಿದರೂ ಒಳಗಿರುವವರು ಬಾಗಿಲ ಹತ್ತಿರವೇ ಯಾರೋ ಬಂದಿದ್ದಾರೆ ಅಂದುಕೊಳ್ಳುವುದಿಲ್ಲವೇ? ಹಾಗೆ. ಒತ್ತುವುದು ಮಾತ್ರವಲ್ಲ, ಹೊರಬಂದ ತಿರುಳಿನ ರಾಸಾಯನಿಕಗಳಿಂದಲೂ ನರ ಉರಿಯೂತಗೊಂಡು ಊದಿಕೊಳ್ಳುತ್ತದೆ.

ಈ ಸಂಬಂಧ ಗೊತ್ತಾಗಲು ಬಹಳ ಕಾಲ ಹಿಡಿಯಿತು. ಕಾಲಿಗಿಳಿಯುವ ಈ ನೋವು ಪ್ರಾಚೀನ ಕಾಲದಿಂದಲೂ ವೈದ್ಯರಿಗೆ ಗೊತ್ತಿತ್ತು. ಮಲಗಿದ ರೋಗಿಯ ಕಾಲನ್ನು ನೇರವಾಗಿ ಮೇಲೆತ್ತಿದರೆ ನರ ಎಳೆದು ನೋವಾಗುತ್ತದೆ ಎಂದು 1880ರಲ್ಲಿ ಬರೆದವರು ಸರ್ಬಿಯಾದ ಲಾಜಾ ಲಾಜರೆವಿಚ್. ಅವರು ವೈದ್ಯರೂ ಹೌದು, ಕತೆಗಾರರೂ ಹೌದು. ಆದರೆ ಆ ಪರೀಕ್ಷೆಗೆ ಹೆಚ್ಚಾಗಿ ಅಂಟಿಕೊಂಡದ್ದು ಫ್ರಾನ್ಸಿನ ವೈದ್ಯ ಲಾಸೆಗ್ ಅವರ ಹೆಸರು. ಇಷ್ಟಾದರೂ ನರವನ್ನು ಒತ್ತುತ್ತಿರುವುದು ಏನು ಎನ್ನುವುದು ಸ್ಪಷ್ಟವಾಗಿರಲಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ತುಣುಕುಗಳನ್ನು ಮೃದ್ವಸ್ಥಿಯ ಗೆಡ್ಡೆ ಎಂದುಕೊಳ್ಳುತ್ತಿದ್ದರು. ಅವುಗಳಲ್ಲಿ ಹೆಚ್ಚಿನವು ಗೆಡ್ಡೆಯಲ್ಲ, ಡಿಸ್ಕ್‌ನದ್ದೇ ತುಣುಕು ಎಂದು ಅಮೆರಿಕದ ಬಾಸ್ಟನ್ನಿನ ವಿಲಿಯಂ ಮಿಕ್ಸ್ಟರ್ ಮತ್ತು ಜೋಸೆಫ್ ಬಾರ್ 1934ರಲ್ಲಿ ಪ್ರಕಟಿಸಿದರು.

ಕಾಲಿನ ಮೇಲಿನ ನಕ್ಷೆ

ಒಂದೊಂದು ನರಕ್ಕೆ ಚರ್ಮದಲ್ಲಿ ಒಂದೊಂದು ಪಟ್ಟಿ, ಒಂದೊಂದು ಗುಂಪಿನ ಸ್ನಾಯು. ಊರಿನ ಲೈನ್‌ಮನ್ನಿಗೆ ಯಾವ ಬೀದಿಯ ದೀಪ ಆರಿದೆ ಅಂತ ಹೇಳಿದರೆ ಯಾವ ಕಂಬ ಹತ್ತಬೇಕು ಅಂತ ಗೊತ್ತಾಗುತ್ತದೆ. ಡಾಕ್ಟರರೂ ಹಾಗೆಯೇ ಲೆಕ್ಕ ಹಾಕುತ್ತಾರೆ. ಸೊಂಟದ ಡಿಸ್ಕ್ ತೊಂದರೆಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಕೊನೆಯ ಎರಡು ಡಿಸ್ಕ್‌ಗಳಲ್ಲೇ ಆಗುತ್ತವೆ. ಮೈಭಾರ ಹೆಚ್ಚು ಬೀಳುವುದೂ, ಬಾಗುವಿಕೆ ಹೆಚ್ಚು ಆಗುವುದೂ ಅಲ್ಲೇ.

ಸೊಂಟದ 4 ಮತ್ತು 5ನೇ ಮೂಳೆಯ ನಡುವಿನ ಡಿಸ್ಕ್: ಸಾಮಾನ್ಯವಾಗಿ ಸೊಂಟದ 5ನೇ ನರಕ್ಕೆ ತಾಗುತ್ತದೆ. ನೋವು ತೊಡೆಯ ಹೊರಬದಿ, ಮೊಣಕಾಲಿನ ಕೆಳಗೆ ಹೊರಬದಿ, ಪಾದದ ಮೇಲ್ಭಾಗ, ಹೆಬ್ಬೆರಳಿನ ಕಡೆಗೆ ಹೋಗುತ್ತದೆ. ಹೆಬ್ಬೆರಳು ಮೇಲೆತ್ತಲು ಬಲ ಸಾಲದು. ಹಿಮ್ಮಡಿಯ ಮೇಲೆ ನಡೆಯುವುದು ಕಷ್ಟ. ಹೆಚ್ಚಾದರೆ ಪಾದವೇ ಜೋತುಬಿದ್ದು ನಡೆಯುವಾಗ ನೆಲಕ್ಕೆ ಉಜ್ಜುತ್ತದೆ, ಚಪ್ಪಲಿ ಕಾಲಿನಿಂದ ಕಳಚಿಬೀಳುತ್ತದೆ.

5ನೇ ಮೂಳೆ ಮತ್ತು ಅದರ ಕೆಳಗಿನ ಕೂಡುಮೂಳೆಯ ನಡುವಿನ ಡಿಸ್ಕ್: ನೋವು ತೊಡೆಯ ಹಿಂಬದಿ, ಮೀನಖಂಡ, ಪಾದದ ಹೊರ ಅಂಚು, ಕಿರುಬೆರಳು, ಅಂಗಾಲಿಗೆ ಹೋಗುತ್ತದೆ. ಆ ಒಂದೇ ಕಾಲಿನ ತುದಿಬೆರಳ ಮೇಲೆ ಎದ್ದು ನಿಲ್ಲಲು ಆಗುವುದಿಲ್ಲ. ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವನ್ನು ಸುತ್ತಿಗೆಯಿಂದ ತಟ್ಟಿದರೆ ಪಾದ ಎಗರಬೇಕು, ಅದು ಎಗರುವುದಿಲ್ಲ. ನೀವು ಕಲಿತ ಪರಾವರ್ತಿತ ಕ್ರಿಯೆಯ ದಾರಿ ಅಲ್ಲಿ ಕಡಿದಿದೆ ಅಂತ ಅರ್ಥ.

3 ಮತ್ತು 4ನೇ ಮೂಳೆಯ ನಡುವಿನ ಡಿಸ್ಕ್: ಇದು ಕಡಿಮೆ. ನೋವು ತೊಡೆಯ ಮುಂಭಾಗ ಮತ್ತು ಮೊಣಕಾಲಿನ ಕೆಳಗೆ ಒಳಬದಿಗೆ ಬರುತ್ತದೆ. ಮೆಟ್ಟಿಲು ಹತ್ತುವಾಗ ಮೊಣಕಾಲು ಕುಸಿದಂತಾಗುತ್ತದೆ.

ಕುತ್ತಿಗೆಯ ಡಿಸ್ಕ್‌ಗೂ ಇಂಥದ್ದೇ ನಕ್ಷೆ ಕೈಯ ಮೇಲಿದೆ. 5 ಮತ್ತು 6ನೇ ಮೂಳೆಯ ನಡುವಿನದಾದರೆ ಹೆಬ್ಬೆರಳು, ತೋರುಬೆರಳಿನ ಕಡೆ. 6 ಮತ್ತು 7ರ ನಡುವಿನದಾದರೆ ನಡುಬೆರಳು. ಅದರ ಕೆಳಗಿನದಾದರೆ ಕಿರುಬೆರಳು. ಕುತ್ತಿಗೆಯ ಮಟ್ಟದಲ್ಲಿ ಮಿದುಳುಬಳ್ಳಿಯೇ ಇರುವುದರಿಂದ ಅಲ್ಲಿ ಒತ್ತಡ ಹೆಚ್ಚಾದರೆ ಕೈ ಮಾತ್ರವಲ್ಲ, ನಡಿಗೆಯೂ ತಪ್ಪುತ್ತದೆ. ಅಂಗಿಯ ಗುಂಡಿ ಹಾಕಲಾಗದೆ ಕೈ ತಡವರಿಸುವುದು, ನಡೆಯುವಾಗ ಕಾಲು ತೊಡರುವುದು ಕಂಡರೆ ತಡಮಾಡದೆ ತೋರಿಸಬೇಕು.

ಮನೆಯಲ್ಲಿ ಕೇಳಬೇಕಾದ ಆರು ಪ್ರಶ್ನೆ

ಆಸ್ಪತ್ರೆಗೆ ಹೊರಡುವ ಮೊದಲು ಮನೆಯವರ ಹತ್ತಿರ ಕೂತು ಇವನ್ನು ಕೇಳಿ, ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

1. ನೋವು ಎಲ್ಲಿ ಶುರು, ಎಲ್ಲಿವರೆಗೆ ಇಳಿಯುತ್ತದೆ? ಮೊಣಕಾಲು ದಾಟಿ ಕೆಳಗೆ ಹೋಗುತ್ತದೆಯೇ? ಬೆರಳಿಟ್ಟು ತೋರಿಸಲು ಹೇಳಿ.
2. ಒಂದು ಕಾಲೋ, ಎರಡೂ ಕಾಲೋ?
3. ನೋವು ಎಂಥದ್ದು? ಹಿಡಿದುಕೊಂಡ ಹಾಗೋ, ಚಳುಕು ಹೊಡೆದ ಹಾಗೋ, ಕರೆಂಟ್ ಹೊಡೆದ ಹಾಗೋ, ಉರಿಯೋ?
4. ಕೆಮ್ಮಿದಾಗ, ಸೀನಿದಾಗ, ಮಲವಿಸರ್ಜನೆಗೆ ಮುಕ್ಕಿದಾಗ ಕಾಲಿನ ನೋವು ಹೆಚ್ಚುತ್ತದೆಯೇ? ಬಗ್ಗಿದಾಗ, ಕೂತಾಗ ಹೆಚ್ಚೋ, ಮಲಗಿದಾಗ ಕಡಿಮೆಯೋ?
5. ಎಲ್ಲಾದರೂ ಜುಮ್ಮೆನ್ನುವುದು, ಮರಗಟ್ಟಿದ ಹಾಗಾಗುವುದು ಇದೆಯೇ? ಕಾಲಿನಲ್ಲಿ ಬಲ ಕಡಿಮೆಯಾಗಿದೆಯೇ?
6. ಮೂತ್ರ, ಮಲವಿಸರ್ಜನೆ ಸರಿಯಾಗಿದೆಯೇ?

ಬರೀ ಸ್ನಾಯು ಉಳುಕಿದ್ದರೆ ನೋವು ಸೊಂಟದ ಸುತ್ತ, ಹೆಚ್ಚೆಂದರೆ ಪೃಷ್ಠ ಅಥವಾ ತೊಡೆಯ ಮೇಲ್ಭಾಗದವರೆಗೆ ನಿಲ್ಲುತ್ತದೆ. ಜುಮ್ಮೆನ್ನುವುದು ಇರುವುದಿಲ್ಲ. ಕೆಲವು ದಿನಗಳಲ್ಲಿ ಇಳಿಯುತ್ತಾ ಹೋಗುತ್ತದೆ. ಡಿಸ್ಕ್ ನರವನ್ನು ಒತ್ತಿದ್ದರೆ ಹೆಚ್ಚಾಗಿ ಒಂದೇ ಕಾಲು, ಮೊಣಕಾಲಿನ ಕೆಳಗೂ ನೋವು, ಒಂದು ಪಟ್ಟಿ ಎಳೆದ ಹಾಗೆ. ಎಷ್ಟೋ ಸಲ ಸೊಂಟಕ್ಕಿಂತ ಕಾಲಿನ ನೋವೇ ಜೋರು. ಕೆಮ್ಮಿದರೆ ಕಾಲಿಗೆ ಹೊಡೆಯುತ್ತದೆ. ಎರಡೂ ಪಾದಗಳಲ್ಲಿ, ಕಾಲುಚೀಲ ಹಾಕಿದ ಜಾಗದಲ್ಲೆಲ್ಲ ನಿಧಾನವಾಗಿ ಉರಿ, ಜೋಮು ಬಂದಿದ್ದರೆ ಅದು ಸಕ್ಕರೆ ಕಾಯಿಲೆಯಿಂದಲೂ ಇರಬಹುದು. ಹಾಗಿದ್ದರೆ ರಕ್ತಪರೀಕ್ಷೆ ಬೇಕಾಗುತ್ತದೆ.

ಒಂದು ಎಚ್ಚರಿಕೆ. ಈ ನಕ್ಷೆ ಕಲಿತಿದ್ದು ಸರಿಯಾಗಿ ವಿವರಿಸಲಿಕ್ಕೆ. ರೋಗ ನಿರ್ಧಾರ ಮಾಡುವವರು ಡಾಕ್ಟರು. ಕಾಲು ಮೇಲೆತ್ತುವ ಪರೀಕ್ಷೆಯನ್ನು ಮನೆಯಲ್ಲಿ ಮಾಡಿ ನೋಡಬೇಡಿ. 30ರಿಂದ 70 ಡಿಗ್ರಿ ಎತ್ತರದೊಳಗೆ ಕಾಲಿಗಿಳಿಯುವ ನೋವು ಬಂದರೆ ಡಾಕ್ಟರು ಅದಕ್ಕೆ ಅರ್ಥ ಹೇಳುತ್ತಾರೆ. ನಾವು ಎಳೆದರೆ ನೋಯುತ್ತದೆ ಅಷ್ಟೇ.

ಒಂದು ಗಂಟೆಯೂ ಕಾಯಬಾರದ ಲಕ್ಷಣಗಳು

ಕುದುರೆ ಬಾಲದ ನರಗೊಂಚಲು ನೆನಪಿದೆಯಲ್ಲ? ದೊಡ್ಡ ತುಣುಕೊಂದು ನಡುವಿಗೇ ನುಗ್ಗಿ ಆ ಗೊಂಚಲನ್ನೇ ಒತ್ತಿದರೆ ಮೂತ್ರಕೋಶ, ಮಲದ್ವಾರದ ಹಿಡಿತದ ನರಗಳೂ ಸಿಕ್ಕಿಕೊಳ್ಳುತ್ತವೆ. ಇದು ಅಪರೂಪ. ಆದರೆ ಬಂದಾಗ ಗಂಟೆಗಳ ಲೆಕ್ಕ. ತಡವಾದರೆ ಮೂತ್ರದ ಹಿಡಿತ, ಕಾಲಿನ ಬಲ ಶಾಶ್ವತವಾಗಿ ಹೋಗಬಹುದು.

• ಮೂತ್ರ ಬರುತ್ತಿಲ್ಲ, ಅಥವಾ ತುಂಬಿದ್ದೇ ತಿಳಿಯುತ್ತಿಲ್ಲ, ಅಥವಾ ಗೊತ್ತಿಲ್ಲದೆ ಹೋಗಿಬಿಡುತ್ತಿದೆ.
• ಮಲದ ಹಿಡಿತ ತಪ್ಪಿದೆ.
• ಸೈಕಲ್ ಸೀಟಿಗೆ ತಾಗುವ ಭಾಗ, ಅಂದರೆ ತೊಡೆಸಂಧಿ, ಗುಪ್ತಾಂಗ, ಮಲದ್ವಾರದ ಸುತ್ತ ಮರಗಟ್ಟಿದೆ. ತೊಳೆದುಕೊಳ್ಳುವಾಗ ಸ್ಪರ್ಶವೇ ತಿಳಿಯುವುದಿಲ್ಲ.
• ಎರಡೂ ಕಾಲಿಗೆ ನೋವು ಅಥವಾ ಬಲಹೀನತೆ, ಅದೂ ಹೆಚ್ಚುತ್ತಿದೆ.
• ಪಾದ ಜೋತುಬಿದ್ದಿದೆ, ದಿನದಿಂದ ದಿನಕ್ಕೆ ಬಲ ಕುಗ್ಗುತ್ತಿದೆ.

ಇವುಗಳಲ್ಲಿ ಒಂದು ಇದ್ದರೂ ರಾತ್ರಿಯಾದರೂ ಸರಿ, ಹಬ್ಬವಾದರೂ ಸರಿ, ತುರ್ತು ವಿಭಾಗವಿರುವ ಆಸ್ಪತ್ರೆಗೇ ಹೋಗಬೇಕು. 108 ಆಂಬುಲೆನ್ಸಿಗೆ ಫೋನ್ ಮಾಡಬಹುದು.

ಇಲ್ಲೊಂದು ಕಷ್ಟ ಇದೆ. ಅಜ್ಜಿ ಮೊಮ್ಮಗನ ಹತ್ತಿರ ಮೂತ್ರದ ವಿಷಯ ಹೇಳಲಾರರು. ಅಪ್ಪ ಮಗಳ ಹತ್ತಿರ ಹೇಳಲು ಹಿಂಜರಿಯುತ್ತಾರೆ. "ಅದೆಲ್ಲ ಏನಿಲ್ಲ" ಅಂತ ಸುಮ್ಮನಾಗಿಬಿಡುತ್ತಾರೆ. ಹಾಗಾಗಿ ಆ ಪ್ರಶ್ನೆಯನ್ನು ಕೇಳಲು ಅಮ್ಮನನ್ನೋ ಅಣ್ಣನನ್ನೋ ಚಿಕ್ಕಮ್ಮನನ್ನೋ ಕರೆಯಿರಿ. "ಡಾಕ್ಟರು ಇದನ್ನು ಕೇಳಿಯೇ ಕೇಳುತ್ತಾರೆ, ಈಗಲೇ ಹೇಳಿಬಿಡಿ" ಅಂದರೆ ಹೇಳುವುದು ಸುಲಭವಾಗುತ್ತದೆ.

ಬೆನ್ನುನೋವಿನ ಜೊತೆ ಜ್ವರ, ತೂಕ ಇಳಿಯುವುದು, ಮಲಗಿದರೂ ಕಡಿಮೆಯಾಗದ ರಾತ್ರಿಯ ನೋವು ಇದ್ದರೆ ಅದು ಡಿಸ್ಕ್ ಅಲ್ಲದೆ ಬೆನ್ನುಮೂಳೆಯ ಕ್ಷಯದಂಥ ಬೇರೆ ಕಾಯಿಲೆ ಇರಬಹುದು. ಮರದಿಂದಲೋ ಗಾಡಿಯಿಂದಲೋ ಬಿದ್ದ ಮೇಲೆ ಬಂದ ಬೆನ್ನುನೋವಾದರೆ ಮೂಳೆ ಮುರಿದಿರಬಹುದು. ಬಿದ್ದವರನ್ನು ಎಬ್ಬಿಸಿ ಕೂರಿಸಬೇಡಿ, ಬೆನ್ನು ಬಾಗದಂತೆ ಹಲಗೆಯ ಮೇಲೆ ಮಲಗಿಸಿಯೇ ಸಾಗಿಸಬೇಕು.

ಉಜ್ಜುವುದು, ತುಳಿಸುವುದು, ಕಾವು ಕೊಡುವುದು

ನಮ್ಮ ಕಡೆ ಸೊಂಟ ಹಿಡಿದರೆ ಮಕ್ಕಳಿಂದ ಬೆನ್ನು ತುಳಿಸಿಕೊಳ್ಳುತ್ತಾರೆ. ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡರೆ ಹೋಗುತ್ತದೆ ಎನ್ನುವ ನಂಬಿಕೆಯೂ ಇದೆ. "ನನಗೆ ಅದರಿಂದಲೇ ವಾಸಿಯಾಯಿತು" ಅಂತ ಹೇಳುವವರು ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಸ್ನಾಯು ಉಳುಕು ಏನೂ ಮಾಡದಿದ್ದರೂ ಕೆಲವು ದಿನಗಳಲ್ಲಿ ಹೋಗುತ್ತದೆ. ಒದೆಸಿಕೊಂಡ ಮೇಲೆ ಹೋಯಿತು ಎನ್ನುವುದು ನಿಜ. ಒದೆಸಿಕೊಂಡದ್ದರಿಂದ ಹೋಯಿತು ಎನ್ನಲು ಅಷ್ಟು ಸಾಲದು. ವಿಜ್ಞಾನದಲ್ಲಿ ಈ ಎರಡರ ವ್ಯತ್ಯಾಸ ದೊಡ್ಡದು.

ಡಿಸ್ಕ್ ನರವನ್ನು ಒತ್ತಿರುವಾಗ ಬೆನ್ನನ್ನು ತುಳಿದರೆ, ಲಟಕ್ಕನೆ ತಿರುಚಿದರೆ, ಇನ್ನಷ್ಟು ತಿರುಳು ಹೊರಬರುವ ಅಪಾಯವಿದೆ. ಕಾಲಿಗೆ ನೋವು ಇಳಿದಿದ್ದರೆ ತುಳಿಯಲು ನೀವು ಒಪ್ಪಬೇಡಿ. ಮರಗಟ್ಟಿದ ಕಾಲಿಗೆ ಬಿಸಿನೀರಿನ ಚೀಲ, ಬಿಸಿ ಉಪ್ಪಿನ ಗಂಟು ಇಟ್ಟರೆ ಸುಟ್ಟದ್ದೂ ತಿಳಿಯದೆ ಬೊಬ್ಬೆ ಬರುತ್ತದೆ.

ಹೆದರಬೇಕಾಗಿಲ್ಲ

ಡಿಸ್ಕ್ ಅಂದ ಕೂಡಲೇ "ಇನ್ನು ಆಪರೇಷನ್ನೇ ಗತಿ" ಎಂದು ಮನೆಯವರು ಕುಗ್ಗಿಹೋಗುತ್ತಾರೆ. ಹೆಚ್ಚಿನವರಿಗೆ 6ರಿಂದ 12 ವಾರಗಳಲ್ಲಿ ಶಸ್ತ್ರಚಿಕಿತ್ಸೆ ಇಲ್ಲದೆಯೇ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಹೊರಬಂದ ತಿರುಳನ್ನು ದೇಹ ಹೊರಗಿನ ವಸ್ತುವಿನಂತೆ ಕಂಡು, ಬಿಳಿ ರಕ್ತಕಣಗಳ ಬಳಗದ ಭಕ್ಷಕ ಕೋಶಗಳನ್ನು ಕಳಿಸಿ ತಿಂದು ಕರಗಿಸುತ್ತದೆ. ಪೂರ್ತಿ ಹೊರಬಂದ ದೊಡ್ಡ ತುಣುಕೇ ಸಣ್ಣ ಉಬ್ಬಿಗಿಂತ ಹೆಚ್ಚಾಗಿ ಕರಗುವುದುಂಟು! ನೋವು ಜೋರಿದ್ದರೆ ಒಂದೆರಡು ದಿನ ಮಲಗಿದರೆ ಸಾಕು. ವಾರಗಟ್ಟಲೆ ಮಲಗಿದರೆ ಸ್ನಾಯು ಸೋಲುತ್ತದೆ. ಮೆಲ್ಲಗೆ ನಡೆಯಬೇಕು, ಭಾರ ಎತ್ತಬಾರದು, ಡಾಕ್ಟರು ಕೊಟ್ಟ ಮಾತ್ರೆ, ಹೇಳಿಸಿದ ವ್ಯಾಯಾಮ ಮಾಡಬೇಕು. ಬಲ ಕುಗ್ಗುತ್ತಾ ಹೋದರೆ, ವಾರಗಳಾದರೂ ನೋವು ಇಳಿಯದಿದ್ದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಕುದುರೆ ಬಾಲದ ಲಕ್ಷಣ ಇದ್ದರೆ ಮಾತ್ರ ಅದು ತಕ್ಷಣವೇ ಆಗಬೇಕು.

"ಮೊದಲು ಸ್ಕ್ಯಾನ್ ಮಾಡಿಸೋಣ" ಅಂತ ಸಾಲ ಮಾಡಿ ಓಡುವವರೂ ಇದ್ದಾರೆ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಡಿಸ್ಕ್ ಕಾಣುವುದಿಲ್ಲ. ಎಂ.ಆರ್.ಐ.ಯಲ್ಲಿ ಡಿಸ್ಕ್ ಚೆನ್ನಾಗಿ ಕಾಣುತ್ತದೆ, ಆದರೆ ಬೇಡದ್ದೂ ಕಾಣುತ್ತದೆ. ಬೆನ್ನುನೋವೇ ಇಲ್ಲದ 3,110 ಜನರ ಚಿತ್ರಗಳ ಮಾಹಿತಿಯನ್ನು ಒಟ್ಟುಗೂಡಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಅದರಂತೆ 20ರ ವಯಸ್ಸಿನಲ್ಲಿ ಶೇಕಡಾ 30, 50ರಲ್ಲಿ ಶೇಕಡಾ 60, 80ರಲ್ಲಿ ಶೇಕಡಾ 84 ಜನರ ಡಿಸ್ಕ್ ಉಬ್ಬಿತ್ತು. ಅವರಿಗೆ ನೋವೇ ಇರಲಿಲ್ಲ! ಚಿತ್ರದಲ್ಲಿ ಉಬ್ಬು ಕಂಡರೆ ಸಾಲದು, ಅದು ರೋಗಿ ಹೇಳುವ ನಕ್ಷೆಗೆ ಹೊಂದಬೇಕು. ಹಾಗಾಗಿ ನೀವು ಬರೆದ ಆ ಚೀಟಿಗೆ ಸ್ಕ್ಯಾನಿನಷ್ಟೇ ಬೆಲೆ ಇದೆ.

ಗಡಿಯ ಮಾತು

ಡಾಕ್ಟರರಿಗೆ ಹೇಳುವಾಗ ಹೆಚ್ಚಾಗಿ ತಪ್ಪಿಹೋಗುವುದು ಎರಡು ಪದ: "ಜುಮ್ಮೆನ್ನುತ್ತದೆ" ಮತ್ತು "ಮರಗಟ್ಟಿದೆ". ಮೊದಲನೆಯದರಲ್ಲಿ ನರ ಕೆರಳಿದೆ. ಎರಡನೆಯದರಲ್ಲಿ ಸುದ್ದಿಯೇ ಮುಟ್ಟುತ್ತಿಲ್ಲ. ಎರಡನ್ನೂ "ನೋವು" ಅಂತ ಸೇರಿಸಿ ಹೇಳಬೇಡಿ.

ಜುಮ್ಮೆನ್ನುವುದಕ್ಕೆ ಮಲಯಾಳದಲ್ಲಿ ತರಿಪ್ಪ್, ತೆಲುಗಿನಲ್ಲಿ ತಿಮ್ಮಿರಿ, ಮರಾಠಿಯಲ್ಲಿ ಮುಂಗ್ಯಾ ಯೇಣೆ, ಅಂದರೆ ಇರುವೆ ಹರಿದ ಹಾಗಾಗುವುದು. ಮರಗಟ್ಟುವುದಕ್ಕೆ ಮಲಯಾಳದಲ್ಲಿ ಮರವಿಪ್ಪ್, ತಮಿಳಿನಲ್ಲಿ ಮರತ್ತುಪ್ಪೋಗುದು, ತೆಲುಗಿನಲ್ಲಿ ಮೊದ್ದುಬಾರಡಂ, ಮರಾಠಿಯಲ್ಲಿ ಬಧೀರ ಹೋಣೆ. ಕನ್ನಡ, ಮಲಯಾಳ, ತಮಿಳು ಮೂರರಲ್ಲೂ "ಮರ" ಎನ್ನುವುದು ಕೇಳಿಸುತ್ತದೆ ನೋಡಿ. ನಿಮ್ಮ ಊರಿನ ಆಸ್ಪತ್ರೆಯಲ್ಲಿ ಬಳಸುವ ಇಂಥ ಪದಗಳನ್ನು ತರಗತಿಯಲ್ಲಿ ಒಟ್ಟುಮಾಡಿ ಗೋಡೆಪತ್ರಿಕೆಯಲ್ಲಿ ಹಾಕಿ.

ಯೋಚಿಸಿ ಉತ್ತರಿಸಿ

ಈ ನಾಲ್ವರು ಪಾಠಕ್ಕಾಗಿ ಕಲ್ಪಿಸಿಕೊಂಡವರು. ಯಾರಿಗೆ ಏನಾಗಿರಬಹುದು, ಯಾರನ್ನು ಮೊದಲು ಕರೆದೊಯ್ಯಬೇಕು?

1. ಕಾಸರಗೋಡಿನ ಮಾವ, ಅಡಿಕೆ ಗೋಣಿ ಎತ್ತಿದ್ದರು: "ಸೊಂಟದಿಂದ ಮೀನಖಂಡದವರೆಗೆ ಎಳೆತ ಉಂಟು. ಕಿರುಬೆರಳು ಜುಂ ಅಂತದೆ. ಅಟ್ಟದಿಂದ ಏನಾದರೂ ತೆಗೆಯಲಿಕ್ಕೆ ಆ ಕಾಲಲ್ಲಿ ತುದಿಬೆರಳ ಮೇಲೆ ನಿಲ್ಲಲಿಕ್ಕೆ ಆಗುವುದಿಲ್ಲ."
2. ಜತ್ತದಿಂದ ಕಬ್ಬು ಕಡಿಯಲು ಹೋಗಿದ್ದ ಕಾಕಾ: "ಕಾಲಿನ ಹೊರಗಿನ ಬಾಜು ಉರಿತೈತಿ. ಹೆಬ್ಬೆರಳ ಮ್ಯಾಲ ಎತ್ತಾಕ ಬರವಲ್ದು. ಚಪ್ಪಲ್ ಕಳಚಿ ಬೀಳ್ತೈತಿ."
3. ಹೊಸೂರಿನ ಅಣ್ಣ, ನಿನ್ನೆ ಲಾರಿಯಿಂದ ಸಾಮಾನು ಇಳಿಸಿದ್ದ: "ಸೊಂಟ ಪೂರಾ ಹಿಡ್ಕೊಂಡಿದೆ. ಕಾಲಿಗೆ ಏನೂ ಇಲ್ಲ."
4. ಆದೋನಿಯಲ್ಲಿ ಹತ್ತಿ ಮೂಟೆ ಹೊರುವ ದೊಡ್ಡಪ್ಪ: "ಎರಡೂ ಕಾಲು ಸೋಲ್ತಾವ. ಮುಂಜಾನೆಯಿಂದ ಮೂತ್ರಕ್ಕ ಹೋಗಿಲ್ಲ, ಹೋಗಬೇಕು ಅಂತನೂ ಅನಸವಲ್ದು."

ಉತ್ತರ: 1ನೆಯವರದ್ದು ಸೊಂಟದ ಕೊನೆಯ ಡಿಸ್ಕ್ ಇರಬಹುದು. 2ನೆಯವರದ್ದು 4 ಮತ್ತು 5ರ ನಡುವಿನದು ಇರಬಹುದು. ಇಬ್ಬರಿಗೂ ಬಲ ಕುಗ್ಗಿರುವುದರಿಂದ ಬೇಗ ತೋರಿಸಬೇಕು. ಪಾದವೇ ಜೋತುಬೀಳುವ ಸೂಚನೆ ಇರುವುದರಿಂದ ಕಾಕಾ ಕಬ್ಬಿನ ಹಂಗಾಮು ಮುಗಿಯಲಿ ಅಂತ ಕಾಯಬಾರದು, ಇವತ್ತೇ ಹೋಗಬೇಕು. 3ನೆಯದು ಸ್ನಾಯು ಉಳುಕು ಇರಬಹುದು, ಭಾರ ಎತ್ತದೆ ಕೆಲವು ದಿನ ನೋಡಬಹುದು. ಕಾಲಿಗೆ ಇಳಿದರೆ ಡಾಕ್ಟರರ ಹತ್ತಿರ ಹೋಗಬೇಕು. 4ನೆಯವರು ನೋವಿನ ಹೆಸರನ್ನೇ ಎತ್ತಲಿಲ್ಲ, ಗಮನಿಸಿದಿರಾ? ಎಲ್ಲರಿಗಿಂತ ಮೊದಲು ಆಸ್ಪತ್ರೆ ಸೇರಬೇಕಾದವರು ಅವರೇ, ಈಗಲೇ.